ಗೊಗ್ಗರು ದನಿಯ ಧನ-ಋಣ

ಕೈಯಲ್ಲಿರುವುದು ಧನ, ಕೊಡಬೇಕಾದುದು ಋಣ, ಎರಡೂ ಇಲ್ಲದ ಸ್ಥಿತಿ ಶೂನ್ಯ. ಈ ಮೂರನ್ನೂ ಕೂಡುವ ಕಳೆಯುವ ಕ್ರಮವನ್ನು ಬ್ರಹ್ಮಗುಪ್ತನು ತನ್ನ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ವಿವರಿಸಿದ್ದು ಕ್ರಿ.ಶ. 628ರಲ್ಲಿ. ಶೂನ್ಯದಿಂದ ಧನವನ್ನು ಕಳೆದರೆ ಋಣ, ಋಣವನ್ನು ಕಳೆದರೆ ಧನ ಎಂಬುದು ಅವನ ನಿಯಮಗಳಲ್ಲೊಂದು. ಅದಾದ ಸಾವಿರದ ನೂರು ವರ್ಷಗಳ ಮೇಲೆ, 1747ರಲ್ಲಿ, ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಇಂಥದೇ ಲೆಕ್ಕವನ್ನು ವಿದ್ಯುತ್ತಿಗೆ ಹಚ್ಚಿದ. ವಿದ್ಯುತ್ತು ಹೆಚ್ಚಾಗಿರುವ ವಸ್ತು ಪ್ಲಸ್, ಕೊರತೆಬಿದ್ದ ವಸ್ತು ಮೈನಸ್ ಎಂದ. ಯಾವುದರಲ್ಲಿ ಹೆಚ್ಚು, ಯಾವುದರಲ್ಲಿ ಕೊರತೆ ಎಂದು ಕಂಡು ತಿಳಿಯುವ ಉಪಾಯ ಅವನಿಗಿರಲಿಲ್ಲ, ಊಹಿಸಿ ಹೆಸರಿಟ್ಟ. 1897ರಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಪತ್ತೆಹಚ್ಚಿದ ಮೇಲೆ, ತಂತಿಯಲ್ಲಿ ಹರಿಯುವ ಕಣವು ಋಣದ ಕಡೆಯದೆಂದು ಗೊತ್ತಾಯಿತು. ಅಷ್ಟು ಹೊತ್ತಿಗೆ ಹೆಸರು ಬೇರೂರಿತ್ತು. ಅದನ್ನು ತಿರುವುಮುರುವು ಮಾಡುವ ಗೋಜಿಗೆ ಯಾರೂ ಹೋಗಲಿಲ್ಲ.

ಧನ, ಋಣಗಳು ಹೀಗೆ ರೂಢಿಯಿಂದ ಬಂದ ಹೆಸರುಗಳು. ಶೂನ್ಯವೆಲ್ಲಿ ಎಂಬುದೂ ಒಪ್ಪಂದದ ಮಾತೇ. ಆದರೆ ಒಪ್ಪಂದ ಬದಲಾದಾಗ ಹಳೆಯ ಒಪ್ಪಂದದಂತೆ ಹುಟ್ಟಿದ ವಸ್ತುಗಳು ನಡುನೀರಿನಲ್ಲಿ ನಿಲ್ಲುತ್ತವೆ. ಎಲೆಕ್ಟ್ರಿಕ್ ಗಿಟಾರಿನ ಜೊತೆಗೆ ಬಳಸುವ, ಸಾಬೂನು ಡಬ್ಬಿಯಷ್ಟೇ ದೊಡ್ಡದಾದ, ಕಾಲಿನಿಂದ ಒತ್ತುವ ಕೆಲವು ಪೆಟ್ಟಿಗೆಗಳಿಗೆ ಆದದ್ದು ಇದೇ. ಪೆಡಲ್ ಎಂದು ಅವುಗಳ ಹೆಸರು. ಅವು ಹೇಗೆ ಹುಟ್ಟಿದವು, ಹೇಗೆ ಒಂಟಿಯಾದವು, ಅವನ್ನು ಇಂದಿನ ಮೇಳದೊಳಗೆ ಮತ್ತೆ ಸೇರಿಸಿದ ಉಪಾಯ ಯಾವುದು ಎಂಬುದರಲ್ಲಿ ಸಂಗೀತಗಾರರಿಗೆ ಮಾತ್ರವಲ್ಲ, ಹಳೆಯದನ್ನು ಉಳಿಸಿಕೊಳ್ಳಬೇಕೆನ್ನುವ ಎಲ್ಲರಿಗೂ ಸ್ವಾರಸ್ಯವಿದೆ.

ಈ ಕಥೆಯ ಮೊದಲಿಗೆ ಒಂದು ಕೆಟ್ಟ ದನಿ. ಎಲೆಕ್ಟ್ರಿಕ್ ಗಿಟಾರಿನ ದನಿಯನ್ನು ದೊಡ್ಡದು ಮಾಡುವ ಆಂಪ್ಲಿಫೈಯರುಗಳನ್ನು ಕಟ್ಟಿದವರ ಗುರಿ, ತಂತಿಯ ನಾದವನ್ನು ಕೆಡಿಸದೆ ಹಿಗ್ಗಿಸುವುದು. ಶಕ್ತಿಮೀರಿ ದುಡಿಸಿದರೆ ಯಂತ್ರ ಅಲೆಯ ನೆತ್ತಿಯನ್ನು ಸವರಿಹಾಕುತ್ತದೆ. ನುಣುಪಾದ ಏರಿಳಿತದ ಜಾಗದಲ್ಲಿ ಚಪ್ಪಟೆ ತಲೆಯ ಅಲೆ ಬರುತ್ತದೆ. ಕಿವಿಗೆ ಅದು ಗೊಗ್ಗರು ದನಿಯಾಗಿ ಕೇಳಿಸುತ್ತದೆ. ಎಂಜಿನಿಯರಿಗೆ ಇದು ದೋಷ. ಕೆಲವು ವಾದಕರಿಗೆ ಇದೇ ರುಚಿಸಿತು. 1951ರ ‘ರಾಕೆಟ್ 88’ ಎಂಬ ಹಾಡಿನಲ್ಲಿ ಕೇಳುವ ಒರಟು ದನಿಗೆ, ದಾರಿಯಲ್ಲಿ ಪೆಟ್ಟು ತಿಂದ ಆಂಪ್ಲಿಫೈಯರೇ ಕಾರಣವೆಂದು ಹೇಳುತ್ತಾರೆ. 1958ರ ‘ರಂಬಲ್’ಗಾಗಿ ಲಿಂಕ್ ರೇ ತನ್ನ ಸ್ಪೀಕರಿನ ಕಾಗದವನ್ನು ಪೆನ್ಸಿಲ್ಲಿನಿಂದ ತೂತುಮಾಡಿದನಂತೆ.

ದೋಷವನ್ನು ಬೇಕೆಂದಾಗ ಬರಿಸಿ ಬೇಡವೆಂದಾಗ ನಿಲ್ಲಿಸುವ ಉಪಾಯ ದೊರೆತದ್ದು ಅಮೆರಿಕದ ನ್ಯಾಷ್‌ವಿಲ್ ನಗರದಲ್ಲಿ. 1961ರಲ್ಲಿ ಹೊರಬಂದ ಮಾರ್ಟಿ ರಾಬಿನ್ಸನ ‘ಡೋಂಟ್ ವರಿ’ ಎಂಬ ಹಾಡಿನ ಧ್ವನಿಮುದ್ರಣ ನಡೆಯುತ್ತಿದ್ದಾಗ, ಗ್ರೇಡಿ ಮಾರ್ಟಿನ್ ನುಡಿಸುತ್ತಿದ್ದ ಆರು ತಂತಿಯ ಬಾಸ್ ಗಿಟಾರಿನ ದನಿ ಇದ್ದಕ್ಕಿದ್ದಂತೆ ಗೊಗ್ಗರಾಯಿತು. ಧ್ವನಿಮುದ್ರಣದ ಮೇಜಿನೊಳಗಿನ ಒಂದು ಟ್ರಾನ್ಸ್‌ಫಾರ್ಮರ್ ಕೆಟ್ಟಿತ್ತು. ಕೆಟ್ಟ ಆ ದನಿಯನ್ನು ತೆಗೆಯದೆ ಹಾಗೆಯೇ ಉಳಿಸಿಕೊಂಡರು, ಹಾಡು ಜನಪ್ರಿಯವಾಯಿತು, ಉಳಿದವರೂ ಅದೇ ದನಿ ಬೇಕೆಂದು ಕೇಳತೊಡಗಿದರು. ಅಲ್ಲಿ ಎಂಜಿನಿಯರಾಗಿದ್ದ ಗ್ಲೆನ್ ಸ್ನಾಡಿ, ರೆವಿಸ್ ಹಾಬ್ಸ್ ಎಂಬಾತನೊಡನೆ ಕೂಡಿ, ಕೆಟ್ಟ ಟ್ರಾನ್ಸ್‌ಫಾರ್ಮರಿನ ಕೆಲಸವನ್ನು ಟ್ರಾನ್ಸಿಸ್ಟರುಗಳಿಂದ ಮಾಡಿಸುವ ಒಂದು ಸರ್ಕ್ಯೂಟನ್ನು ರಚಿಸಿದ. 1962ರಲ್ಲಿ ಗಿಬ್ಸನ್ ಸಂಸ್ಥೆ ಅದನ್ನು ‘ಮ್ಯಾಸ್ಟ್ರೋ ಫಜ್-ಟೋನ್’ ಎಂಬ ಹೆಸರಿನಲ್ಲಿ ಮಾರಾಟಕ್ಕಿಟ್ಟಿತು. ಒಳಗೆ ಜರ್ಮೇನಿಯಮ್ಮಿನ ಮೂರು ಟ್ರಾನ್ಸಿಸ್ಟರು, ಒಂದೂವರೆ ವೋಲ್ಟಿನ ಎರಡು ಸೆಲ್ಲು. ಗಿಟಾರಿನಿಂದ ತುತ್ತೂರಿ, ಚೆಲ್ಲೋಗಳ ದನಿ ಹೊರಡಿಸಬಹುದೆಂದು ಜಾಹೀರು ಮಾಡಿದರು. ಮೊದಮೊದಲು ಅಂಗಡಿಗಳಿಗೆ ಹೋದ ಸರಕು ಕಪಾಟಿನಲ್ಲೇ ಕುಳಿತಿತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿನಲ್ಲಿ ಅದನ್ನು ಬಳಸಿದ. ಮುಂದೆ ಊದುವಾದ್ಯಗಳು ಬರಬೇಕಾದ ಜಾಗವನ್ನು ತೋರಿಸಲೆಂದು ಮಾತ್ರ ಅವನು ನುಡಿಸಿದ್ದು. ಗುರುತಿಗಾಗಿ ನುಡಿಸಿದ್ದೇ ಹಾಡಿನ ಗುರುತಾಗಿ ನಿಂತಿತು. ಆಮೇಲೆ ಪೆಟ್ಟಿಗೆಗಳನ್ನು ಒದಗಿಸುವುದೇ ಕಷ್ಟವಾಯಿತು.

ಅದೇ ವರ್ಷ ಲಂಡನ್ನಿನಲ್ಲಿ ಗ್ಯಾರಿ ಹರ್ಸ್ಟ್ ‘ಟೋನ್ ಬೆಂಡರ್’ ಕಟ್ಟಿದ. ಸುಮಾರು ಅದೇ ಹೊತ್ತಿಗೆ ಡ್ಯಾಲಸ್ ಸಂಸ್ಥೆಯ ‘ರೇಂಜ್‌ಮಾಸ್ಟರ್’ ಬಂತು. ಅದರಲ್ಲಿದ್ದದ್ದು ಒಂದೇ ಟ್ರಾನ್ಸಿಸ್ಟರು. ತಾರಸ್ಥಾಯಿಯನ್ನು ಎತ್ತಿ ಆಂಪ್ಲಿಫೈಯರನ್ನು ಕೆಣಕುವುದು ಅದರ ಕೆಲಸ. 1966ರಲ್ಲಿ ಐವರ್ ಆರ್ಬಿಟರನ ಸಂಸ್ಥೆ ‘ಫಜ್ ಫೇಸ್’ ಹೊರತಂದಿತು. ಮೈಕಿನ ಕಂಬದ ದುಂಡನೆಯ ಪಾದವೇ ಅದರ ಆಕಾರಕ್ಕೆ ಪ್ರೇರಣೆ. ಜಿಮಿ ಹೆಂಡ್ರಿಕ್ಸನ ಕಾಲಡಿಯಲ್ಲಿದ್ದು ಇದು ಜಗತ್ಪ್ರಸಿದ್ಧವಾಯಿತು. ಬಿಚ್ಚಿ ನೋಡಿದರೆ ಎರಡು ಟ್ರಾನ್ಸಿಸ್ಟರು, ನಾಲ್ಕು ರೆಸಿಸ್ಟರು, ಮೂರು ಕೆಪಾಸಿಟರು, ಎರಡು ತಿರುಗುಣಿ, ಒಂದು 9 ವೋಲ್ಟಿನ ಬ್ಯಾಟರಿ. ಇಷ್ಟೇ!

ಈ ಲಂಡನ್ ಪೆಟ್ಟಿಗೆಗಳಲ್ಲೆಲ್ಲ ಬ್ಯಾಟರಿಯ ಧನಾಗ್ರವೇ ನೆಲ. ವಿದ್ಯುತ್ ಭಾಷೆಯಲ್ಲಿ ನೆಲ ಅಥವಾ ಗ್ರೌಂಡ್ ಎಂದರೆ ಎಲ್ಲ ಅಳತೆಗಳೂ ಯಾವುದರಿಂದ ಆರಂಭವಾಗುತ್ತವೆಯೋ ಆ ಶೂನ್ಯದ ಮಟ್ಟ. ಪೆಟ್ಟಿಗೆಯ ಲೋಹದ ಮೈ, ಗಿಟಾರಿನಿಂದ ಬರುವ ಕೇಬಲ್ಲಿನ ಹೊರಹೆಣಿಗೆ ಎಲ್ಲವೂ ಆ ಮಟ್ಟಕ್ಕೆ ಸೇರಿರುತ್ತವೆ. ಇಂದಿನ ಉಪಕರಣಗಳಲ್ಲಿ ಋಣಾಗ್ರವನ್ನು ನೆಲವೆಂದು ಹಿಡಿಯುವುದು ವಾಡಿಕೆ. ಅಂದು ಹಾಗೇಕೆ ಮಾಡಲಿಲ್ಲವೆಂದರೆ, ಜರ್ಮೇನಿಯಮ್ಮಿನ ಸ್ವಭಾವವೇ ಅಂಥದು.

1947ರ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಟ್ರಾನ್ಸಿಸ್ಟರನ್ನು ಅಗ್ಗವಾಗಿ ತಯಾರಿಸುವ ವಿಧಾನ 1950ರ ದಶಕದಲ್ಲಿ ಕೈಗೆ ಬಂತು. ಜರ್ಮೇನಿಯಮ್ಮಿನ ತೆಳು ಬಿಲ್ಲೆಯ ಎರಡು ಮಗ್ಗುಲಿಗೂ ಇಂಡಿಯಂ ಲೋಹದ ಸಣ್ಣ ಗುಂಡುಗಳನ್ನಿಟ್ಟು ಕಾಯಿಸಬೇಕು. ಇಂಡಿಯಂ ಕರಗಿ ಬಿಲ್ಲೆಯೊಳಕ್ಕೆ ಇಳಿದಲ್ಲೆಲ್ಲ ಧನಸ್ವಭಾವ. ನಡುವೆ ಉಳಿದದ್ದು ಋಣಸ್ವಭಾವ. ಹೀಗೆ ಧನ-ಋಣ-ಧನ ಎಂಬ ಮೂರು ಪದರು ತಾನಾಗಿ ಒದಗುತ್ತದೆ. ಪಿ-ಎನ್-ಪಿ ಎಂದು ಅದನ್ನು ಕರೆಯುತ್ತಾರೆ. ಇಂಥ ಟ್ರಾನ್ಸಿಸ್ಟರಿನಲ್ಲಿ ಕಲೆಕ್ಟರ್ ಎಂಬ ತುದಿಯನ್ನು ಬ್ಯಾಟರಿಯ ಋಣಾಗ್ರದ ಕಡೆಗೂ ಎಮಿಟರ್ ಎಂಬ ತುದಿಯನ್ನು ಧನಾಗ್ರದ ಕಡೆಗೂ ಜೋಡಿಸಬೇಕು. ಎಮಿಟರು ನೆಲದ ಬದಿಗಿರುವುದು ಸರ್ಕ್ಯೂಟ್ ಕಟ್ಟುವವರ ಸಾಮಾನ್ಯ ಪದ್ಧತಿ. ಹೀಗಿರಲು ಧನಾಗ್ರ ನೆಲವಾದದ್ದರಲ್ಲಿ ಅಚ್ಚರಿಯೇನೂ ಇಲ್ಲ. ಆ ಕಾಲದ ಇಂಗ್ಲೆಂಡಿನ ಎಷ್ಟೋ ಕಾರುಗಳಲ್ಲಿಯೂ ಬ್ಯಾಟರಿಯ ಧನಾಗ್ರವನ್ನೇ ಮೈಗೆ ಜೋಡಿಸುತ್ತಿದ್ದರು. ಟೆಲಿಫೋನ್ ವಿನಿಮಯ ಕೇಂದ್ರಗಳ 48 ವೋಲ್ಟಿನ ಬ್ಯಾಟರಿಯಲ್ಲಿ ಇಂದಿಗೂ ಧನಾಗ್ರಕ್ಕೇ ಭೂಸಂಪರ್ಕ; ತಾಮ್ರದ ತಂತಿ ಸವೆಯದಿರಲೆಂಬ ಉದ್ದೇಶ ಅದರದು.

ನಮ್ಮ ಬೆಂಗಳೂರಿಗೂ ಈ ಮಾತಿಗೂ ಸಂಬಂಧವಿಲ್ಲದೆ ಇಲ್ಲ. 1954ರಲ್ಲಿ ಸ್ಥಾಪನೆಯಾದ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಜರ್ಮೇನಿಯಂ ಸಾಧನಗಳ ತಯಾರಿಕೆಯನ್ನು ಕೈಗೊಂಡದ್ದು 1962ರಲ್ಲಿ, ಎಂದರೆ ಫಜ್-ಟೋನ್ ಅಂಗಡಿಗೆ ಬಂದ ವರ್ಷವೇ. ಫಜ್ ಫೇಸಿನಲ್ಲಿ ಬಳಕೆಯಾದ ಎ.ಸಿ. 128 ಎಂಬ ಟ್ರಾನ್ಸಿಸ್ಟರು ನಮ್ಮ ಹಿರಿಯರ ಮನೆಗಳ ರೇಡಿಯೋಗಳಲ್ಲೂ ಕುಳಿತು ವಾರ್ತೆ, ಕ್ರಿಕೆಟ್ ವರದಿ, ಚಿತ್ರಗೀತೆಗಳನ್ನು ಕೇಳಿಸಿದ್ದುಂಟು. ಆ ರೇಡಿಯೋವನ್ನೇ ಜನ ‘ಟ್ರಾನ್ಸಿಸ್ಟರ್’ ಎಂದು ಕರೆಯುತ್ತಿದ್ದರು. ಅದರಲ್ಲಿ ದನಿ ಗೊಗ್ಗರಾದರೆ ರಿಪೇರಿಗೆ ಕೊಡುತ್ತಿದ್ದರೆಂಬುದಷ್ಟೇ ವ್ಯತ್ಯಾಸ.

ಜರ್ಮೇನಿಯಮ್ಮಿನದು ಹಟಮಾರಿ ಸ್ವಭಾವ. ಒಂದೇ ದಿನ ತಯಾರಾದ ಎರಡು ಟ್ರಾನ್ಸಿಸ್ಟರುಗಳ ಗುಣ ಒಂದೇ ಆಗಿರುವುದಿಲ್ಲ. ಬಿಸಿಲೇರಿದರೆ ಸೋರುವಿಕೆ ಹೆಚ್ಚಿ ದನಿ ಬದಲಾಗುತ್ತದೆ. 1960ರ ದಶಕ ಮುಗಿಯುವ ಹೊತ್ತಿಗೆ ಸಿಲಿಕಾನ್ ಅದರ ಜಾಗವನ್ನು ಹಿಡಿಯಿತು. ಸಿಲಿಕಾನಿಗೆ ಒಗ್ಗುವುದು ಋಣ-ಧನ-ಋಣದ ಪದರ. ಅದಕ್ಕೆ ಋಣಾಗ್ರವೇ ನೆಲ. 1977ರಿಂದ ಜಪಾನಿನ ಬಾಸ್ ಸಂಸ್ಥೆ ಹೊರತಂದ ಪುಟ್ಟ ಪೆಡಲುಗಳು ಎಲ್ಲ ಕಡೆಯೂ ಹರಡಿದವು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಅಡಾಪ್ಟರಿನ ಬಳಕೆ ಬೆಳೆಯಿತು. ಕಾಲಕ್ರಮದಲ್ಲಿ 9 ವೋಲ್ಟು, ನಡುಗಡ್ಡಿ ಋಣ, ಹೊರಬಳೆ ಧನ ಎಂಬ ಕ್ರಮವೇ ಪೆಡಲುಗಳ ಲೋಕದ ಕಟ್ಟಳೆಯಾಯಿತು.

ಬ್ಯಾಟರಿಯ ಕಾಲದಲ್ಲಿ ಜಗಳವಿರಲಿಲ್ಲ. ಪ್ರತಿಯೊಂದು ಪೆಟ್ಟಿಗೆಗೂ ಅದರದೇ ಬ್ಯಾಟರಿ; ಧನವನ್ನು ನೆಲವೆಂದರೂ ಸರಿ, ಋಣವನ್ನು ನೆಲವೆಂದರೂ ಸರಿ, ಪಕ್ಕದವನಿಗೆ ಬಾಧೆಯಿಲ್ಲ. ಒಂದೇ ಅಡಾಪ್ಟರಿನಿಂದ ಐದಾರು ಪೆಡಲುಗಳಿಗೆ ವಿದ್ಯುತ್ತನ್ನು ಹಂಚತೊಡಗಿದಾಗ ತೊಡಕು ಬಂತು. ಹಳೆಯ ಪೆಟ್ಟಿಗೆಯ ಮೈ ಅಡಾಪ್ಟರಿನ ಧನಾಗ್ರಕ್ಕೆ ಸೇರಿದೆ. ಹೊಸ ಪೆಟ್ಟಿಗೆಯ ಮೈ ಅದೇ ಅಡಾಪ್ಟರಿನ ಋಣಾಗ್ರಕ್ಕೆ ಸೇರಿದೆ. ದನಿಯನ್ನು ಸಾಗಿಸಲು ಎರಡರ ನಡುವೆ ಕೇಬಲ್ ಹಾಕಿದ ಕೂಡಲೇ ಅದರ ಹೊರಹೆಣಿಗೆ ಎರಡು ಮೈಗಳನ್ನೂ ಒಂದುಮಾಡುತ್ತದೆ. ಧನವೂ ಋಣವೂ ನೇರವಾಗಿ ತಗುಲಿ ಶಾರ್ಟ್ ಆಗುತ್ತದೆ. ಅಡಾಪ್ಟರು ಸುಡಬಹುದು, ಕಡೆಯ ಪಕ್ಷ ಮೇಳವೆಲ್ಲ ಮೂಕವಾಗುತ್ತದೆ.

ಪರಿಹಾರದ ದಾರಿಗಳು ಹಲವು. ಹಳೆಯ ಪೆಟ್ಟಿಗೆಗೆ ಬ್ಯಾಟರಿಯನ್ನೇ ಉಳಿಸಬಹುದು. ಅದಕ್ಕೆಂದೇ ಪ್ರತ್ಯೇಕವಾದ, ಉಳಿದವುಗಳೊಡನೆ ಯಾವ ಸಂಪರ್ಕವೂ ಇಲ್ಲದ ವಿದ್ಯುತ್ ಮೂಲವನ್ನು ಒದಗಿಸಬಹುದು. ಋಣ-ಧನ-ಋಣ ಪದರದ ಜರ್ಮೇನಿಯಂ ಟ್ರಾನ್ಸಿಸ್ಟರನ್ನು ಹುಡುಕಿ ತಂದು ಸರ್ಕ್ಯೂಟನ್ನೇ ತಿರುವಿ ಕಟ್ಟಬಹುದು. ಅಂಥವು ಅಪರೂಪ, ದನಿಯೂ ಅದೇ ಆಗಿರುವುದೆಂಬ ಭರವಸೆಯಿಲ್ಲ. ಹಳೆಯ ಟ್ರಾನ್ಸಿಸ್ಟರನ್ನೇ ಇಟ್ಟುಕೊಂಡು ನೆಲವನ್ನು ಮಾತ್ರ ಋಣಾಗ್ರಕ್ಕೆ ಬದಲಾಯಿಸಲೂಬಹುದು. ಹಾಗೆ ಮಾಡಿದಾಗ ಕೆಲವು ಪೆಟ್ಟಿಗೆಗಳು ಸುಮ್ಮನಿದ್ದರೆ, ಕೆಲವು ಯಾರೂ ನುಡಿಸದಿದ್ದರೂ ತಮ್ಮಷ್ಟಕ್ಕೆ ದೋಣಿಯ ಎಂಜಿನ್ನಿನಂತೆ ಡುಬುಡುಬು ಎನ್ನತೊಡಗುತ್ತವೆ. ಇವೆಲ್ಲಕ್ಕಿಂತ ಭಿನ್ನವಾದ ಇನ್ನೊಂದು ದಾರಿಯೆಂದರೆ, ಬಾಗಿಲಲ್ಲಿ ಒಬ್ಬ ದುಭಾಷಿಯನ್ನು ನಿಲ್ಲಿಸುವುದು. ಹೊರಗಿನಿಂದ ಧನ 9 ವೋಲ್ಟ್ ಬರಲಿ. ಅದನ್ನು ಋಣ 9 ವೋಲ್ಟಾಗಿ ಮಾಡಿ ಒಳಗಿನ ಹಳೆಯ ಸರ್ಕ್ಯೂಟಿಗೆ ಕೊಡಲಿ. ಆಗ ಹಳೆಯ ಸರ್ಕ್ಯೂಟಿನ ಧನಾಗ್ರವು ಎಲ್ಲರ ನೆಲಕ್ಕೇ ಸೇರುತ್ತದೆ. ಅದರ ಇನ್ನೊಂದು ತುದಿ ನೆಲಕ್ಕಿಂತ ಒಂಬತ್ತು ವೋಲ್ಟು ಕೆಳಗಿರುತ್ತದೆ. ಒಳಗಿನ ಒಂದು ತಂತಿಯನ್ನೂ ಬದಲಾಯಿಸಬೇಕಾಗಿಲ್ಲ. ಈ ದುಭಾಷಿಯೇ ವೋಲ್ಟೇಜ್ ಇನ್ವರ್ಟರ್. ವಿದ್ಯುತ್ತು ಹೋದಾಗ ನಮ್ಮ ಮನೆಗಳಲ್ಲಿ ದೀಪ ಉರಿಸುವ ಇನ್ವರ್ಟರೇ ಬೇರೆ, ಇದೇ ಬೇರೆ.

ಧನವು ಋಣವಾಗುವುದು ಹೇಗೆ? ಒಂಬತ್ತು ಮೆಟ್ಟಿಲ ಏಣಿಯೊಂದನ್ನು ನೆಲದ ಮೇಲೆ ನಿಲ್ಲಿಸಿದರೆ ಅದರ ತಲೆ ನೆಲಕ್ಕಿಂತ ಒಂಬತ್ತು ಮೆಟ್ಟಿಲು ಮೇಲಿರುತ್ತದೆ. ಅದೇ ಏಣಿಯನ್ನು ತಲೆಯು ನೆಲದ ಮಟ್ಟಕ್ಕೆ ಬರುವಂತೆ ಬಾವಿಯೊಳಗೆ ಇಳಿಬಿಟ್ಟರೆ, ಅದರ ಪಾದ ನೆಲಕ್ಕಿಂತ ಒಂಬತ್ತು ಮೆಟ್ಟಿಲು ಕೆಳಗೆ ಹೋಗುತ್ತದೆ. ಏಣಿಯ ಉದ್ದ ಹೆಚ್ಚಲಿಲ್ಲ, ಕುಗ್ಗಲಿಲ್ಲ. ಹಿಡಿದುಕೊಂಡ ತುದಿ ಬದಲಾಯಿತು, ಅಷ್ಟೇ. ಇಲ್ಲಿ ಏಣಿಯೆಂದರೆ ಕೆಪಾಸಿಟರು. ಹಳಬರು ಅದನ್ನು ಕಂಡೆನ್ಸರ್ ಎನ್ನುತ್ತಿದ್ದರು. ಮೊದಲು ಅದರ ಒಂದು ಕೊನೆಯನ್ನು ಧನ 9 ವೋಲ್ಟಿಗೂ ಇನ್ನೊಂದನ್ನು ನೆಲಕ್ಕೂ ಜೋಡಿಸಿ ತುಂಬಿಸುತ್ತಾರೆ. ಬಳಿಕ ಎರಡನ್ನೂ ಬಿಡಿಸಿ, ಧನದ ಕೊನೆಯನ್ನೇ ನೆಲಕ್ಕೆ ಮುಟ್ಟಿಸುತ್ತಾರೆ. ಆಗ ಇನ್ನೊಂದು ಕೊನೆ ನೆಲಕ್ಕಿಂತ ಒಂಬತ್ತು ವೋಲ್ಟು ಕೆಳಗಿಳಿಯಲೇ ಬೇಕು. ಅಲ್ಲಿಂದ ವಿದ್ಯುತ್ತನ್ನು ಎರಡನೆಯ ಕೆಪಾಸಿಟರಿಗೆ ಸುರಿಯುತ್ತಾರೆ. ಅದು ತೊಟ್ಟಿಯಂತೆ ಹಿಡಿದಿಟ್ಟುಕೊಂಡು ಸರ್ಕ್ಯೂಟಿಗೆ ಸಮನಾಗಿ ಒದಗಿಸುತ್ತದೆ. ಈ ತುಂಬಿಸುವ ಸುರಿಯುವ ಕೆಲಸ ಸೆಕೆಂಡಿಗೆ ಸಾವಿರಾರು ಸಲ ನಡೆಯುತ್ತದೆ. ಬ್ರಹ್ಮಗುಪ್ತನ ನಿಯಮ ಇಲ್ಲಿ ಕೈಕಾಲು ಪಡೆದಂತೆ ಕಾಣುತ್ತದೆ. ಶೂನ್ಯದಿಂದ ಒಂಬತ್ತನ್ನು ಕಳೆದರೆ ಋಣ ಒಂಬತ್ತು.

ಉಪಾಯದ ವಂಶಾವಳಿಯೂ ದೊಡ್ಡದು. ಸ್ವಿಟ್ಜರ್ಲೆಂಡಿನ ಹೈನ್ರಿಷ್ ಗ್ರೈನಾಕರ್ ಎಂಬ ಭೌತವಿಜ್ಞಾನಿ ತಾನು ಕಟ್ಟಿದ ಅಳತೆಯ ಉಪಕರಣಕ್ಕೆ 200-300 ವೋಲ್ಟ್ ಬೇಕೆಂದು ಹೊರಟಾಗ, ಜ್ಯೂರಿಕ್ ನಗರದ ಸರಬರಾಜಿನಲ್ಲಿದ್ದದ್ದು 110 ವೋಲ್ಟ್. ಕೆಪಾಸಿಟರನ್ನು ತುಂಬಿಸಿ ಎತ್ತರದ ಮೇಲೆ ಎತ್ತರ ಪೇರಿಸುವ ಸರ್ಕ್ಯೂಟನ್ನು ಅವನು 1914ರಲ್ಲಿ ಪ್ರಕಟಿಸಿದ. ಅಂಥ ಹಂತಗಳನ್ನೇ ಒಂದರ ಮೇಲೊಂದು ಜೋಡಿಸಿ ಲಕ್ಷಗಟ್ಟಲೆ ವೋಲ್ಟನ್ನು ಪಡೆದು, ಕೇಂಬ್ರಿಜ್ಜಿನ ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ 1932ರಲ್ಲಿ ಲಿಥಿಯಮ್ಮಿನ ಪರಮಾಣುವನ್ನು ಒಡೆದರು. 1951ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಕೋಣೆಯನ್ನೇ ತುಂಬಿಕೊಂಡಿದ್ದ ಆ ಯಂತ್ರದ ತತ್ತ್ವವನ್ನು ಎಂಟು ಕಾಲಿನ, ಉಗುರಿನಷ್ಟು ಅಗಲದ ಚಿಪ್ಪಿನೊಳಗೆ ಅಡಗಿಸಿದ್ದು 1980ರ ಸುಮಾರಿಗೆ ಇಂಟರ್‌ಸಿಲ್ ಸಂಸ್ಥೆ. ಐ.ಸಿ.ಎಲ್. 7660 ಎಂದು ಅದರ ಹೆಸರು. ಧನ 5 ವೋಲ್ಟ್ ಮಾತ್ರ ಇರುವ ಕಂಪ್ಯೂಟರ್ ಹಲಗೆಗಳಲ್ಲಿ ಕೆಲವು ಭಾಗಗಳಿಗೆ ಋಣ 5 ವೋಲ್ಟ್ ಬೇಕಾಗುತ್ತಿತ್ತು. ಅದನ್ನು ಒದಗಿಸುವುದು ಅದರ ಕೆಲಸ. ಗಿಟಾರಿನ ಸುದ್ದಿ ಅದನ್ನು ಮಾಡಿದವರ ಮನಸ್ಸಿನಲ್ಲಿ ಇದ್ದಿರಲಾರದು. ಹತ್ತು ಮೈಕ್ರೋಫ್ಯಾರಡಿನ ಎರಡು ಕೆಪಾಸಿಟರುಗಳನ್ನು ಹೊರಗೆ ಜೋಡಿಸಿದರೆ ಸಾಕು, ಅದು ಕೆಲಸ ಮಾಡುತ್ತದೆ. ಫಜ್ ಫೇಸ್ ಬೇಡುವ ವಿದ್ಯುತ್ತು ಒಂದು ಮಿಲಿಯಾಂಪಿಯರಿನ ಆಸುಪಾಸು. ಚಿಪ್ಪಿನ ಶಕ್ತಿಗೆ ಅದು ಏನೂ ಅಲ್ಲ.

ಆದರೂ ದುಭಾಷಿಗಳಿಗೆ ಒಂದು ಚಟವಿರುತ್ತದೆ: ನಡುವೆ ತಾವೂ ಮಾತಾಡುವುದು. 7660 ಸಾಮಾನ್ಯವಾಗಿ ಸೆಕೆಂಡಿಗೆ ಹತ್ತು ಸಾವಿರ ಸಲ ತುಂಬಿಸಿ ಸುರಿಯುತ್ತದೆ. ಮನುಷ್ಯನ ಕಿವಿ ಇಪ್ಪತ್ತು ಸಾವಿರದವರೆಗೆ ಕೇಳಬಲ್ಲದು. ಆದ್ದರಿಂದ ಅದರ ಮಿಡಿತ ಸೊಳ್ಳೆಯ ಗುಂಯ್‌ಗುಟ್ಟುವಿಕೆಯಂತೆ ಸಂಗೀತದೊಳಗೆ ನುಸುಳುತ್ತದೆ. ಮೇಲಾಗಿ ಗೊಗ್ಗರು ಪೆಟ್ಟಿಗೆಯೆಂದರೆ ಸಣ್ಣ ಸದ್ದನ್ನು ನೂರಾರು ಪಟ್ಟು ಹಿಗ್ಗಿಸುವ ಯಂತ್ರ; ಸೊಳ್ಳೆಯನ್ನೂ ಅದು ಹಿಗ್ಗಿಸುತ್ತದೆ. ಆಮೇಲೆ ಬಂದ ಮ್ಯಾಕ್ಸ್ 1044 ಎಂಬ ಚಿಪ್ಪಿನಲ್ಲಿ ಒಂದು ಕಾಲನ್ನು ಧನಕ್ಕೆ ಜೋಡಿಸಿದರೆ ಮಿಡಿತವು ಕಿವಿಯ ಮಿತಿಯಾಚೆಗೆ ಏರುತ್ತದೆ. ಎಲ್.ಟಿ. 1054 ಎಂಬುದು ಮೊದಲಿನಿಂದಲೂ 25 ಸಾವಿರದ ಆಸುಪಾಸಿನಲ್ಲಿ ಮಿಡಿಯುತ್ತದೆ. 15 ವೋಲ್ಟಿನವರೆಗೆ ತಾಳುತ್ತದೆ. 7660ರ ತಾಳ್ಮೆ ಸುಮಾರು 10 ವೋಲ್ಟಿಗೇ ಮುಗಿಯುತ್ತದೆ. 9 ವೋಲ್ಟೆಂದು ಬರೆದಿದ್ದು ಹನ್ನೆರಡನ್ನು ಹರಿಸುವ ಅಗ್ಗದ ಅಡಾಪ್ಟರು ಅದನ್ನು ಕೊಂದುಬಿಡಬಹುದು. ಬಲ್ಲವರು ಚಿಪ್ಪಿನ ಮುಂದೆಯೂ ಹಿಂದೆಯೂ ಒಂದೊಂದು ರೆಸಿಸ್ಟರು, ಕೆಪಾಸಿಟರುಗಳನ್ನಿಟ್ಟು ಮಿಡಿತವನ್ನು ಸೋಸುತ್ತಾರೆ. ಇಷ್ಟಾದರೂ ಒಂದೇ ಅಡಾಪ್ಟರಿಗೆ ಇಂಥ ಎರಡು ಪೆಡಲು ಸೇರಿದರೆ, ಇಪ್ಪತ್ತೈದು ಸಾವಿರಕ್ಕೂ ಇಪ್ಪತ್ತಾರು ಸಾವಿರಕ್ಕೂ ಇರುವ ಒಂದು ಸಾವಿರದ ಅಂತರವೇ ಒಂದು ಸ್ವರವಾಗಿ ಸಿಳ್ಳೆ ಹಾಕಬಹುದು. ಎರಡೂ ಬೇರೆಬೇರೆಯಾಗಿ ಕೇಳಿಸವು. ಅವುಗಳ ಜಗಳ ಕೇಳಿಸುತ್ತದೆ.

ಇದೆಲ್ಲ ನೋಡಿ ಹಳೆಯ ವಾದಕರು, ಬ್ಯಾಟರಿಯೇ ವಾಸಿ ಎನ್ನುವುದುಂಟು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಅಷ್ಟು ಕಡಿಮೆ ವಿದ್ಯುತ್ತು ಬೇಡುವ ಪೆಟ್ಟಿಗೆಗೆ ಒಂದು ಬ್ಯಾಟರಿ ನೂರಾರು ಗಂಟೆ ಬರುತ್ತದೆ. ಬ್ಯಾಟರಿಯಲ್ಲಿ ಮಿಡಿತವಿಲ್ಲ, ಸಿಳ್ಳೆಯಿಲ್ಲ. ಸೊರಗಿದ ಬ್ಯಾಟರಿಯಲ್ಲಿ ದನಿ ಇನ್ನೂ ಮೃದುವಾಗಿ ಮುರಿಯುತ್ತದೆಂದು ಅದನ್ನೇ ಹುಡುಕಿ ಹಾಕುವವರಿದ್ದಾರೆ. ಅದಕ್ಕೂ ಕಾರಣವಿದೆ, ಮುದಿ ಬ್ಯಾಟರಿಯೊಳಗಿನ ತಡೆ ಹೆಚ್ಚಾಗಿರುತ್ತದೆ. ಆದರೆ ಹತ್ತು ಪೆಡಲುಗಳ ಹಲಗೆಯನ್ನು ಹೊತ್ತು ಊರಿಂದೂರಿಗೆ ಹೋಗುವವನಿಗೆ, ಒಂದು ಪೆಟ್ಟಿಗೆಯ ಬ್ಯಾಟರಿಯನ್ನು ಮಾತ್ರ ನೆನಪಿಟ್ಟು ನೋಡಿಕೊಳ್ಳುವುದು ಹೊರೆಯೇ. ಹೊರೆಯಾದದ್ದನ್ನು ಜನ ಮನೆಯಲ್ಲಿ ಬಿಟ್ಟು ಹೋಗುತ್ತಾರೆ. ಬಳಕೆ ತಪ್ಪಿದ ವಸ್ತು ಕಪಾಟಿಗೂ ಆಮೇಲೆ ಹರಾಜಿಗೂ ಸೇರುತ್ತದೆ. ಇಂದು ಹೊಸದಾಗಿ ಕಟ್ಟುವ ಜರ್ಮೇನಿಯಂ ಪೆಡಲುಗಳಲ್ಲಿ ಎಷ್ಟೋ ಮಂದಿ ತಯಾರಕರು ಈ ಚಿಪ್ಪನ್ನು ಒಳಗೇ ಇಡುತ್ತಿರುವುದು ಈ ಕಾರಣಕ್ಕಾಗಿಯೇ. ಕೊಂಡವನಿಗೆ ಒಳಗೆ ಧನವೆಲ್ಲಿ ಋಣವೆಲ್ಲಿ ಎಂಬ ಚಿಂತೆಯಿಲ್ಲ; ಎಲ್ಲಕ್ಕೂ ಸಿಕ್ಕಿಸುವ ತಂತಿಯನ್ನೇ ಸಿಕ್ಕಿಸುತ್ತಾನೆ, ನುಡಿಸುತ್ತಾನೆ.

ಹಳಗನ್ನಡ ಕಾವ್ಯವನ್ನು ಇಂದಿನವರಿಗೆ ಓದಿಸಹೊರಟವರ ಮುಂದೆಯೂ ಇಂಥದೇ ಎರಡು ದಾರಿಗಳಿವೆ. ಪದ್ಯವನ್ನೇ ಇಂದಿನ ಮಾತಿಗೆ ತಿರುವಿ ಬರೆಯುವುದು ಒಂದು. ಅರ್ಥ ದಕ್ಕಬಹುದು, ಕಂದದ ನಡೆ ಹೋಗುತ್ತದೆ. ಮೂಲದ ಒಂದಕ್ಷರವನ್ನೂ ಕದಲಿಸದೆ ಕೆಳಗೆ ಟೀಕೆ ಬರೆಯುವುದು ಇನ್ನೊಂದು. ಟೀಕಾಕಾರನ ಕೆಲಸದ ಕಷ್ಟವೂ ಆ ಚಿಪ್ಪಿನದೇ: ತಾನಿಲ್ಲದೆ ಓದುಗನು ಮೂಲವನ್ನು ಮುಟ್ಟಲಾರ, ಆದರೆ ತನ್ನ ದನಿ ಮೂಲದ ನಡುವೆ ಗುಂಯ್‌ಗುಟ್ಟಬಾರದು. ಕಾಲ ಬದಲಾದಾಗ ಹಳೆಯದು ತಪ್ಪಾಗುವುದಿಲ್ಲ, ಅದರ ಶೂನ್ಯ ಬೇರೆ ಕಡೆ ಇರುತ್ತದೆ. ಅದನ್ನು ತಿಳಿದು ನಡುವೆ ನಿಂತು ದುಡಿಯುವವರು ಬೇಕು. ಗ್ಲೆನ್ ಸ್ನಾಡಿ ಕೆಟ್ಟ ಟ್ರಾನ್ಸ್‌ಫಾರ್ಮರಿನಿಂದ ಪಡೆದ ದನಿ ಅರವತ್ತು ವರ್ಷಗಳಾಚೆಗೂ ಕೇಳಿಬರುತ್ತಿರುವುದರಲ್ಲಿ, ಎಂಟು ಕಾಲಿನ ಆ ಮೌನಿಯ ಪಾಲೂ ಸೇರಿದೆ.